ಟರ್ಕಿಗೆ ಹೋದೋರೆಲ್ಲ ಮತ್ತೆ ಹೋಗ್ಬೇಕು ಅಂತಾರಲ್ಲ, ಅಂಥದ್ದೇನಿದೆ ಅಲ್ಲಿ?

ಕಾವೇರಿತೀರ:
ಎಲ್ರಿಗೂ ನಮಸ್ಕಾರ. ಬಹಳ ದಿನದಿಂದ ಕೇಳ್ಬೇಕು ಅಂದ್ಕೊಂಡಿದ್ದ ಪ್ರಶ್ನೆ ಇದು. ನಮ್ಮ ಆಫೀಸಲ್ಲಿ ಜರ್ಮನಿ, ಇಂಗ್ಲೆಂಡ್ ಟೀಮಿನವರ ಜೊತೆ ದಿನಾ ಕಾಲ್ ಇರುತ್ತೆ, ರಜೆಗೆ ಎಲ್ಲಿಗೆ ಅಂದ್ರೆ ಅರ್ಧ ಜನ ಟರ್ಕಿ ಅಂತಾರೆ, ಅದೂ ಒಂದ್ಸಲ ಹೋಗಿ ಬಂದೋರೇ ಮತ್ತೆ ಹೋಗ್ತಾರೆ. 2024ರಲ್ಲಿ ಸುಮಾರು 5.26 ಕೋಟಿ ವಿದೇಶಿಯರು ಹೋಗಿದ್ದಾರೆ, ರಷ್ಯಾದವರು ಮೊದಲು, ಆಮೇಲೆ ಜರ್ಮನ್ನರು, ಆಮೇಲೆ ಬ್ರಿಟಿಷರು. ಬರೀ ಬೀಚ್ ಅಂದ್ರೆ ಗ್ರೀಸ್ ಇದೆ ಸ್ಪೇನ್ ಇದೆ, ಬರೀ ಹಳೇ ಕಟ್ಟಡ ಅಂದ್ರೆ ಇಟಲಿ ಇದೆ, ಹಾಗಾದ್ರೆ ಟರ್ಕಿ ಯಾಕೆ? ಇನ್‌ಸ್ಟಾಗ್ರಾಮ್ ತೆಗೆದ್ರೆ ಬರೀ ಬಲೂನು. ಅದು ಬಿಟ್ಟು ಏನಿದೆ ಅನ್ನೋದನ್ನ ಅಲ್ಲಿ ಇದ್ದು ಬಂದೋರಿಂದ ಕೇಳ್ಬೇಕು. ಅಮ್ಮನ್ನ ಕರ್ಕೊಂಡು ಹೋಗೋ ಆಸೆ ನನಗೆ. ಅಮ್ಮ ಹಿಸ್ಟರಿ ಟೀಚರ್ ಆಗಿ ರಿಟೈರ್ ಆದೋರು, ನಡೆಯೋಕೆ ಗಟ್ಟಿ, ಆದ್ರೆ ಮೊಟ್ಟೆನೂ ಮುಟ್ಟಲ್ಲ. ದಯವಿಟ್ಟು ಪ್ಯಾಕೇಜ್ ಟೂರ್ ಲಿಂಕ್ ಹಾಕ್ಬೇಡಿ, ನಿಮಗೆ ಏನು ಹಿಡಿಸ್ತು, ಯಾಕೆ ಹಿಡಿಸ್ತು, ಅದನ್ನ ಬರೀರಿ.

ಬರ್ಲಿನ್ ಶೆಟ್ರು:
ನಾನು ಕುಂದಾಪುರದವ, ಕೆಲಸ ಬರ್ಲಿನ್‌ನಲ್ಲಿ. ಜರ್ಮನ್ನರ ವಿಷ್ಯ ನಾನು ಹೇಳ್ತೇನೆ. ಇಲ್ಲಿನವರಿಗೆ ಟರ್ಕಿ ದೂರದ ದೇಶ ಅಲ್ಲ ಮಾರಾಯ್ರೇ. 1961ರಲ್ಲಿ ಪಶ್ಚಿಮ ಜರ್ಮನಿಗೂ ಟರ್ಕಿಗೂ ಕೆಲಸಗಾರರ ಒಪ್ಪಂದ ಆಯ್ತು, ಆಗ ಫ್ಯಾಕ್ಟರಿ ಕೆಲಸಕ್ಕೆ ಅಂತ ಬಂದವರ ಮಕ್ಕಳು ಮೊಮ್ಮಕ್ಕಳು ಈಗ ಇಲ್ಲಿ ಡಾಕ್ಟರು, ಟೀಚರು, ಅಂಗಡಿಯವರು. ನನ್ನ ಮಗಳ ಕ್ಲಾಸಲ್ಲೇ ಎಷ್ಟು ಮಕ್ಕಳಿದ್ದಾರೆ. ಅವರ ಮನೆಯಲ್ಲಿ ಉಂಡವ ಒಂದಲ್ಲ ಒಂದು ದಿನ ಅವರ ಊರು ನೋಡ್ಬೇಕು ಅಂತ ಹೊರಡ್ತಾನೆ, ಅದು ಸಹಜ.

ಆದ್ರೆ ಒಂದು ಮಾತು ಹೇಳ್ಲೇಬೇಕು. ಅಂತಾಲ್ಯಾಗೆ ಹೋಗುವ ತುಂಬಾ ಜನ ಟರ್ಕಿ ನೋಡುದೇ ಇಲ್ಲ. ಏರ್‌ಪೋರ್ಟಿಂದ ಬಸ್ಸು, ಬಸ್ಸಿಂದ ರೆಸಾರ್ಟು, ಕೈಗೊಂದು ಪಟ್ಟಿ ಕಟ್ತಾರೆ, ತಿನ್ನುದು ಕುಡಿಯುದು ಎಲ್ಲ ಅದರಲ್ಲೇ ಬಂತು, ವಾರ ಪೂರ್ತಿ ಸ್ವಿಮ್ಮಿಂಗ್ ಪೂಲ್ ಪಕ್ಕ ಮಲಗಿ ವಾಪಸ್. ಆ 5 ಕೋಟಿಯಲ್ಲಿ ಅಂಥವರೂ ಸೇರಿದ್ದಾರೆ, ಲೆಕ್ಕ ನೋಡುವಾಗ ಅದು ಗೊತ್ತಿರ್ಲಿ.

ನನ್ನನ್ನು ಹಿಡಿದದ್ದು ಇಸ್ತಾಂಬುಲ್‌ನ ಫೆರಿ. ಎಮಿನೊನುವಿನಲ್ಲಿ ಹತ್ತಿದ್ರೆ ಕಾದಿಕೊಯ್‌ನಲ್ಲಿ ಇಳಿಯುದು, ಯುರೋಪಿನಿಂದ ಏಷ್ಯಾಕ್ಕೆ, ಇಪ್ಪತ್ತು ನಿಮಿಷದ ಚಿಲ್ಲರೆ ದಾರಿ. ಬಸ್ಸಿಗೂ ಟ್ರಾಮಿಗೂ ಉಜ್ಜುವ ಕಾರ್ಡೇ ಅದಕ್ಕೂ. ಪಕ್ಕದಲ್ಲಿ ಆಫೀಸ್ ಮುಗಿಸಿದ ಹೆಂಗಸು ಚಪ್ಪಲಿ ಸಡಿಲ ಮಾಡಿ ಕೂತಿರ್ತಾಳೆ, ಕಾಲೇಜು ಹುಡುಗರು ಸಿಮಿತ್ ಅನ್ನುವ ಎಳ್ಳು ಹಚ್ಚಿದ ಬ್ರೆಡ್ ಬಳೆ ಮುರಿದು ಗಾಳಿಗೆ ಎಸೀತಾರೆ, ಕಡಲ ಹಕ್ಕಿ ಬಂದು ಹಾರ್ತಾ ಹಾರ್ತಾನೇ ಹಿಡ್ಕೊಂಡು ಹೋಗ್ತದೆ, ಚಹಾದವ ತಟ್ಟೆ ಹಿಡ್ಕೊಂಡು ಸೀಟು ಸೀಟಿಗೂ ಬರ್ತಾನೆ. ಇದೆಲ್ಲದರ ಹಿಂದೆ ತೊಪ್ಕಾಪಿ ಅರಮನೆ, ಹಾಗಿಯಾ ಸೋಫಿಯಾ, ನೀಲಿ ಮಸೀದಿಯ ಆರು ಮಿನಾರು, ಎಲ್ಲ ಒಂದೇ ಸಾಲಲ್ಲಿ. ಅದನ್ನು ದಿನಾ ನೋಡುವವರು ತಲೆ ಎತ್ತುದಿಲ್ಲ, ಫೋನ್ ನೋಡ್ತಾ ಕೂತಿರ್ತಾರೆ, ಅದೇ ನನಗೆ ಭಾರೀ ಇಷ್ಟ ಆಯ್ತು. ಅಲ್ಲಿ ಹಳೆಯದಕ್ಕೆ ಹಗ್ಗ ಕಟ್ಟಿ ದೂರ ಇಟ್ಟದ್ದಲ್ಲ, ಜನ ಅದರ ನಡುವೆಯೇ ಹೊಟ್ಟೆಪಾಡು ಮಾಡ್ತಾ ಇದ್ದಾರೆ. ಮತ್ತೆ ಮತ್ತೆ ಹೋಗುದಕ್ಕೆ ನನ್ನ ಮಟ್ಟಿಗೆ ಕಾರಣ ಇದೇ.

ಗುಮ್ಮಟನಗರಿ:
ಶೆಟ್ರ ಮಾತು ಖರೇ ಐತಿ. ನಾವು ವಿಜಯಪುರದಾವ್ರು, ಗುಮ್ಮಟ ನೋಡ್ಕೋತನ ಬೆಳದೇವಿ, ಹಂಗಾಗಿ ನಂಗ ಅಲ್ಲಿ ಮೊದಲ ಕಣ್ಣಿಗೆ ಬಿದ್ದದ್ದು ಗುಮ್ಮಟನ. ಹಾಗಿಯಾ ಸೋಫಿಯಾ ಕಟ್ಟಿದ್ದು 532ರಿಂದ 537ರೊಳಗ, ಜಸ್ಟಿನಿಯನ್ ಚಕ್ರವರ್ತಿ ಕಾಲದಾಗ, ಬರೇ ಐದು ವರ್ಷ. ಗುಮ್ಮಟದ ಅಗಲ 31 ಮೀಟರ್ ಆಸುಪಾಸು. ನಮ್ಮ ಗೋಳಗುಮ್ಮಟದ್ದು ಅದಕ್ಕಿಂತ ಅಗಲ ಖರೇ, ಆದ್ರ ನಮ್ಮದು ಮುಗದದ್ದು 1656ರಾಗ, ನಡುವ ಸಾವಿರದ ನೂರು ವರ್ಷ ಅದಾವು ನೋಡ್ರಿ. ಅದು ಚರ್ಚ್ ಆಗಿ, 1453ರಾಗ ಮಸೀದಿ ಆಗಿ, ಗಣರಾಜ್ಯ ಕಟ್ಟಿದ ಅತಾತುರ್ಕ್ ಕಾಲದಾಗ ಮ್ಯೂಸಿಯಂ ಆಗಿ, 2020ರಾಗ ಮತ್ತ ಮಸೀದಿ ಆತು.

ನಂಗ ಮಾತ್ರ ಅದಕ್ಕಿಂತ ಸುಲೇಮಾನಿಯೆ ಮಸೀದಿ ಭಾಳ ಸೇರ್ತು. ಒಟ್ಟೋಮನ್ ಸುಲ್ತಾನರ ವಾಸ್ತುಶಿಲ್ಪಿ ಮಿಮಾರ್ ಸಿನಾನ್ ಕಟ್ಟಿದ್ದು, 1550ರಿಂದ 1557. ಗುಡ್ಡದ ಮ್ಯಾಲ ಐತಿ, ಟಿಕೀಟ ಇಲ್ಲ, ಗದ್ದಲ ಇಲ್ಲ, ಬೂಟು ಕಳದು ಒಳಗ ಹೋಗಿ ಎಷ್ಟೊತ್ತರ ಕೂಡ್ರಿ, ಯಾರೂ ಏಳು ಅನ್ನಂಗಿಲ್ಲ. ಆಗಿನ ಕಾಲದಾಗ ಸಾವಿರಾರು ಎಣ್ಣಿ ದೀಪ ಉರಿತಿದ್ದವು, ಆ ಮಸಿ ಎಲ್ಲಾ ಗಾಳಿ ಎಳಕೊಂಡು ಒಂದ ಖೋಲಿಗೆ ಹೋಗುವಂಗ ಸಿನಾನ್ ಕಟ್ಟಿದ್ದ, ಆ ಮಸಿ ಕೂಡಿಸಿ ಬರಿಯೂ ಶಾಯಿ ಮಾಡತಿದ್ರು ಅಂತ ಅಲ್ಲೇ ಹೇಳ್ತಾರ. ಹಿತ್ತಲದಾಗ ಸುಲ್ತಾನ್ ಸುಲೇಮಾನ್ ಮತ್ತ ಅವನ ಹೆಂಡ್ತಿ ಹುರ್ರೆಮ್ ಸಮಾಧಿ, ಸಿನಾನನ ಸಮಾಧಿ ಹೊರಗ ಒಂದ ಮೂಲಿಯೊಳಗ, ಸಣ್ಣದು. ಇಡೀ ಊರಿಗೇ ರೂಪ ಕೊಟ್ಟಾಂವ ತನಗ ಇಷ್ಟ ಜಾಗ ಇಟ್ಕೊಂಡಾನ ಅಂತ ನಾ ಅಲ್ಲೇ ಭಾಳ ಹೊತ್ತು ನಿಂತೆ.

ಇನ್ನೊಂದು. ನಮ್ಮೂರ ಬುರುಜಿನ ಮ್ಯಾಲಿರೂ ಮಲಿಕ್-ಎ-ಮೈದಾನ್ ತೋಪು ಎರಕ ಹೊಯ್ದಾಂವ ಮುಹಮ್ಮದ್ ಬಿನ್ ಹುಸೇನ್ ರೂಮಿ, 1549ರಾಗ, ಅಹಮದನಗರದಾಗ. ರೂಮಿ ಅಂದ್ರ ಆಗ ಒಟ್ಟೋಮನ್ ಸೀಮಿಯಿಂದ ಬಂದಾವ್ರಿಗೆ ಹೇಳೂದು. ಇಸ್ತಾಂಬುಲದಾಗ ಸಿನಾನ್ ಕೆಲಸ ಮಾಡೂ ಹೊತ್ತಿನ್ಯಾಗನ ಅವರ ಕಡೆಯಾಂವೊಬ್ಬ ದಖ್ಖನ್ನಿನ್ಯಾಗ ಕಂಚು ಕರಗಸಾಕತ್ತಿದ್ದ. ಟೀಚರಮ್ಮಗ ಇದನ್ನ ಹೇಳ್ರಿ.

ಕಾವೇರಿತೀರ:
ಹೇಳ್ದೆ ಅಣ್ಣಾ! ಅಮ್ಮ ಪುಸ್ತಕ ತೆಗೆದು ಕೂತ್ಬಿಟ್ರು. ಅವರು ಬರೆಸ್ತಿರೋದು: ಟಿಪ್ಪು ಸುಲ್ತಾನ್ 1786ರಲ್ಲಿ ಶ್ರೀರಂಗಪಟ್ಟಣದಿಂದ ಇಸ್ತಾಂಬುಲ್‌ಗೆ ದೊಡ್ಡ ರಾಯಭಾರ ಕಳಿಸಿದ್ದ, ಗುಲಾಂ ಅಲಿ ಖಾನ್ ಅದರ ಮುಖ್ಯಸ್ಥ, ನಮ್ಮ ಕರಾವಳಿಯಿಂದ ಹಡಗು ಹತ್ತಿ ಬಸ್ರಾ ಮೇಲೆ ಹೋಗಿ 1787ರಲ್ಲಿ ತಲುಪಿದ್ರು, ಹೋದವರಲ್ಲಿ ಬಹಳ ಜನ ದಾರೀಲಿ, ಪ್ಲೇಗಲ್ಲಿ ತೀರ್ಕೊಂಡ್ರು. ಇಂಗ್ಲಿಷರ ವಿರುದ್ಧ ಸಹಾಯ ಕೇಳೋಕೆ ಹೋಗಿದ್ದು, ಸುಲ್ತಾನ ಒಂದನೇ ಅಬ್ದುಲ್ ಹಮೀದ್ ಮರ್ಯಾದೆ ಮಾಡಿ ಕಳಿಸಿದ, ಸೈನ್ಯ ಕೊಡಲಿಲ್ಲ. ಈಗ ಅಮ್ಮಂಗೆ ಹೋಗೋ ಹುಮ್ಮಸ್ಸು ನನಗಿಂತ ಜಾಸ್ತಿ ಆಗಿದೆ.

ಲೆಕ್ಕಪತ್ರ:
ಎಲ್ರೂ ಒಳ್ಳೇದೇ ಬರೀತಿದ್ದೀರ, ನಾನು ಇನ್ನೊಂದು ಮುಖ ಹೇಳ್ತೀನಿ ಬೇಜಾರು ಮಾಡ್ಕೋಬೇಡಿ. ಟರ್ಕಿ ಅಗ್ಗ ಅನ್ನೋ ಕಾಲ ಮುಗೀತು. 2022ರ ಅಕ್ಟೋಬರಲ್ಲಿ ಅಲ್ಲಿನ ಹಣದುಬ್ಬರ ವರ್ಷಕ್ಕೆ ಶೇಕಡಾ 85 ದಾಟಿತ್ತು, ಅಲ್ಲಿನ ನಾಣ್ಯ ಲಿರಾ ಬೆಲೆ ಬಿದ್ದ ಹಾಗೆಲ್ಲ ಊಟ, ರೂಮು, ಎಂಟ್ರಿ ಟಿಕೆಟ್ ಎಲ್ಲ ಏರ್ತಾ ಹೋಯ್ತು. ಹಾಗಿಯಾ ಸೋಫಿಯಾ ಪ್ರಾರ್ಥನೆಗೆ ಹೋಗೋರಿಗೆ ಫ್ರೀ, ನಮ್ಮಂಥ ಪ್ರವಾಸಿಗಳಿಗೆ 2024ರ ಜನವರಿಯಿಂದ ಮೇಲಿನ ಗ್ಯಾಲರಿ ಮಾತ್ರ, ಅದಕ್ಕೆ 25 ಯೂರೋ. ಇಬ್ರು ಹೋದ್ರೆ ಲೆಕ್ಕ ಹಾಕ್ಕೊಳ್ಳಿ. ಟ್ಯಾಕ್ಸಿಯವನೊಬ್ಬ ನಮ್ಮನ್ನ ಊರೆಲ್ಲ ಸುತ್ತಿಸಿ ಮೀಟರ್ ಏರಿಸಿದ, ಸುಲ್ತಾನ್‌ಅಹ್ಮೆತ್ ಹತ್ರ ಒಂದು ಹೋಟೆಲಲ್ಲಿ ಮೆನುವಿನಲ್ಲಿ ರೇಟೇ ಇರಲಿಲ್ಲ, ಬಿಲ್ ನೋಡಿ ಹೆಂಡತಿ ಕಣ್ಣಲ್ಲಿ ನೀರು ಬಂತು. ರಸ್ತೇಲಿ ಶೂ ಪಾಲಿಶ್‌ನವನು ಬೇಕಂತ ಬ್ರಶ್ ಬೀಳಿಸಿ ಹೋಗ್ತಾನೆ, ನೀವು ಎತ್ತಿಕೊಟ್ರೆ ಋಣ ತೀರಿಸ್ತೀನಿ ಅಂತ ಪಾಲಿಶ್ ಮಾಡಿ ಕೊನೆಗೆ ದುಡ್ಡು ಕೇಳ್ತಾನೆ, ಇದು ಅಲ್ಲಿ ಎಲ್ರಿಗೂ ಗೊತ್ತಿರೋ ಹಳೇ ಆಟ.

ಮತ್ತೆ ಇನ್ನೊಂದು, ಯಾರೂ ಎತ್ತಿಲ್ಲ ಆದ್ರೆ ಎಲ್ರ ಮನಸ್ಸಲ್ಲೂ ಇದೆ. 2025ರ ಮೇ ತಿಂಗಳಲ್ಲಿ ಟರ್ಕಿ ಪಾಕಿಸ್ತಾನದ ಪರ ನಿಂತಾಗ ನಮ್ಮಲ್ಲಿ ಎಷ್ಟೋ ಜನ ಬುಕಿಂಗ್ ಕ್ಯಾನ್ಸಲ್ ಮಾಡಿದ್ರು. ನನ್ನ ತಮ್ಮನೂ ಮಾಡಿದ. ನನಗೆ ಅದು ಸರಿ ಅನ್ಸುತ್ತೆ. ದುಡ್ಡು ಖರ್ಚು ಮಾಡೋದೂ ಒಂದು ನಿಲುವೇ.

ಕಾವೇರಿತೀರ:
ಸರ್, ನೀವು ಬರ್ದಿದ್ದು ಒಳ್ಳೇದಾಯ್ತು. ಹೋಗ್ಬೇಕಾ ಬೇಡ್ವಾ ಅನ್ನೋದು ಅವರವರ ಮನೆ ತೀರ್ಮಾನ, ನಿಮ್ಮ ತಮ್ಮನ ನಿರ್ಧಾರಕ್ಕೂ ಗೌರವ ಇದೆ. ನಮ್ಮ ಮನೇಲಿ ಈ ಮಾತು ಆಗಿದೆ, ಸರ್ಕಾರದ ನಡೆ ಬೇರೆ ಅಲ್ಲಿನ ಜನ ಬೇರೆ ಅಂತ ಅಮ್ಮನ ಅಭಿಪ್ರಾಯ. ಇಲ್ಲಿ ನಾನು ಕೇಳ್ತಿರೋದು ಜನ ಯಾಕೆ ಮನಸೋಲ್ತಾರೆ ಅಂತ, ಅದಕ್ಕೇ ಬರೋಣ.

ಅಂಕಾರಾ ಅಕ್ಕ:
ನಾನು ತುಮಕೂರಿನೋಳು, ಗಂಡನ ಯೂನಿವರ್ಸಿಟಿ ಕೆಲಸದಿಂದ ಅಂಕಾರಾದಲ್ಲಿದ್ದೀವಿ. ಲೆಕ್ಕಪತ್ರ ಸರ್ ಹೇಳಿದ ತೊಂದ್ರೆ ಎಲ್ಲ ನಿಜ, ಆದ್ರೆ ಅದು ಹೆಚ್ಚಾಗಿ ಪ್ರವಾಸಿಗಳು ಕಿಕ್ಕಿರಿಯೋ ಜಾಗದ ಕಥೆ. ಅಲ್ಲಿಂದ ಎರಡು ಟ್ರಾಮ್ ಸ್ಟಾಪ್ ಆಚೆ ಹೋದ್ರೆ ಬೇರೆ ಊರೇ ಕಾಣುತ್ತೆ. ಟ್ಯಾಕ್ಸಿ ಬಿಟ್ಟು ಮೆಟ್ರೋ, ಟ್ರಾಮ್, ಫೆರಿ ಹಿಡಿದ್ರೆ ಅರ್ಧ ಜಗಳ ಇಲ್ಲ. ಊಟಕ್ಕೆ ಲೋಕಾಂತಾ ಅಂತ ಬೋರ್ಡ್ ಇರೋ ಕಡೆ ಹೋಗಿ, ಮಾಡಿಟ್ಟ ಪಲ್ಯ ಸಾರು ಎಲ್ಲ ಗಾಜಿನ ಹಿಂದೆ ಕಾಣುತ್ತೆ, ಬೊಟ್ಟು ಮಾಡಿ ತೋರಿಸಿದ್ರೆ ಬಡಿಸ್ತಾರೆ, ಕೆಲಸದವರೂ ಆಫೀಸರೂ ಅಲ್ಲೇ ಉಣ್ಣೋದು.

ನಾನು ಇಲ್ಲಿಗೆ ಬಂದ ಹೊಸದರಲ್ಲಿ ಒಂದಿನ ಬಾಗಿಲು ತಟ್ಟಿದ ಶಬ್ದ ಆಯ್ತು, ನೋಡಿದ್ರೆ ಕೆಳಗಿನ ಮನೆ ಅಜ್ಜಿ, ಕೈಯಲ್ಲಿ ಬಟ್ಟಲು. ಅಶುರೆ ಅಂತ ಒಂದು ಸಿಹಿ, ಗೋಧಿ, ಕಡಲೆ, ಹುರುಳಿಕಾಯಿ ಬೀಜದಂಥ ಬಿಳಿ ಕಾಳು, ಒಣದ್ರಾಕ್ಷಿ, ಒಣ ಅಂಜೂರ, ಮೇಲೆ ದಾಳಿಂಬೆ ಕಾಳು. ಮೊಹರಂ ತಿಂಗಳಲ್ಲಿ ದೊಡ್ಡ ಹಂಡೆ ತುಂಬ ಮಾಡಿ ನೆರೆಹೊರೆಗೆ ಹಂಚ್ತಾರೆ, ಯಾವ ಜಾತಿ ಯಾವ ದೇಶ ಅಂತ ಕೇಳಲ್ಲ. ನೋಹನ ಹಡಗು ನೆಲ ಮುಟ್ಟಿದಾಗ ಉಳಿದಿದ್ದನ್ನೆಲ್ಲ ಹಾಕಿ ಬೇಯಿಸಿದ ಅಡುಗೆ ಅಂತ ಅವರ ನಂಬಿಕೆ. ಬಟ್ಟಲು ಖಾಲಿ ವಾಪಸ್ ಕೊಡಬಾರದು ಅನ್ನೋದು ಇಲ್ಲೂ ಇದೆ! ನಾನು ರವೆ ಉಂಡೆ ಇಟ್ಟು ಕೊಟ್ಟೆ, ಅವತ್ತಿಂದ ನಮ್ಮಿಬ್ರಿಗೆ ಭಾಷೆ ಬರದಿದ್ರೂ ಸ್ನೇಹ.

ಮನೆಗೆ ಹೋದ್ರೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಅವರು ಕೊಡೋ ಮನೆ ಚಪ್ಪಲಿ ಹಾಕ್ಕೋಬೇಕು, ಕೂತ ತಕ್ಷಣ ನಿಂಬೆ ವಾಸನೆಯ ಕೊಲೊನ್ಯಾ ಅನ್ನೋ ಸೆಂಟು ಕೈಗೆ ಸುರೀತಾರೆ, ದೂರದ ಬಸ್ಸಲ್ಲೂ ಹುಡುಗ ಬಂದು ಕೊಡ್ತಾನೆ. ಆಮೇಲೆ ಚಹಾ. ಎರಡಂತಸ್ತಿನ ಪಾತ್ರೆ, ಕೆಳಗೆ ನೀರು ಕುದೀತಿರುತ್ತೆ, ಮೇಲೆ ಗಟ್ಟಿ ಡಿಕಾಕ್ಷನ್, ನಡು ಸಣ್ಣ ಇರೋ ಗಾಜಿನ ಲೋಟಕ್ಕೆ ಹಾಕಿ ನೀರು ಬೆರೆಸ್ತಾರೆ. ಹಾಲು ಇಲ್ಲವೇ ಇಲ್ಲ. ಲೋಟ ಖಾಲಿ ಆದ ಹಾಗೆ ತುಂಬ್ತಾನೇ ಇರ್ತಾರೆ, ಸಾಕು ಅಂದ್ರೆ ಚಮಚ ಲೋಟದ ಬಾಯಿ ಮೇಲೆ ಅಡ್ಡ ಇಡಬೇಕು. ತಲಾ ಲೆಕ್ಕದಲ್ಲಿ ಜಗತ್ತಿನಲ್ಲೇ ಜಾಸ್ತಿ ಚಹಾ ಕುಡಿಯೋರು ಇವರು, ಬೆಳೆಯೋದು ಕಪ್ಪು ಸಮುದ್ರದ ಪಕ್ಕ ರಿಜೆ ಕಡೆ, ಮಳೆ, ಗುಡ್ಡ, ಹಸಿರು ತುಂಬಿದ ಜಾಗ.

ಇನ್ನೊಂದು, ನವೆಂಬರ್ 10ಕ್ಕೆ ಇಲ್ಲಿ ಇದ್ರೆ ಬೆಳಿಗ್ಗೆ 9 ಗಂಟೆ 5 ನಿಮಿಷಕ್ಕೆ ರಸ್ತೇಲಿ ನಿಂತು ನೋಡಿ. ಅತಾತುರ್ಕ್ 1938ರಲ್ಲಿ ತೀರ್ಕೊಂಡ ಹೊತ್ತು ಅದು. ಸೈರನ್ ಆಗುತ್ತೆ, ಕಾರಿನವರು ನಡುರಸ್ತೇಲಿ ಇಳಿದು ನಿಲ್ತಾರೆ, ತರಕಾರಿ ಕೊಳ್ತಿದ್ದೋರು ಚೀಲ ಹಿಡಿದು ಹಾಗೇ ನಿಲ್ತಾರೆ. ಯಾರೂ ಹೇಳಿ ನಿಲ್ಲಿಸೋದಲ್ಲ.

ಕಾವೇರಿತೀರ:
ಅಕ್ಕಾ ಎಷ್ಟು ಚೆನ್ನಾಗಿ ಬರ್ದಿದ್ದೀರ. ಅಮ್ಮನ ಊಟದ ವಿಷ್ಯ ಸ್ವಲ್ಪ ಹೇಳ್ತೀರಾ, ಅದೇ ದೊಡ್ಡ ಚಿಂತೆ.

ಅಂಕಾರಾ ಅಕ್ಕ:
ಹೆದರಬೇಡಿ. ಕಬಾಬ್ ದೇಶ ಅನ್ನೋದು ಹೊರಗಿನವರ ಕಣ್ಣಿಗೆ ಮಾತ್ರ, ಇವರ ಮನೆ ಅಡುಗೇಲಿ ತರಕಾರಿ, ಕಾಳು, ಮೊಸರು ಜಾಸ್ತಿ. ಆಲಿವ್ ಎಣ್ಣೇಲಿ ಬೇಯಿಸಿ ತಣ್ಣಗೆ ತಿನ್ನೋ ತರಕಾರಿ ಅಡುಗೆಗಳದ್ದೇ ಒಂದು ಸಾಲು ಇದೆ, ಬೀನ್ಸು, ಸೋರೆ ಥರದ ಕಾಯಿ, ಬದನೆಕಾಯಿಗೆ ಈರುಳ್ಳಿ ಟೊಮೇಟೊ ತುಂಬಿ ಮಾಡೋ ಇಮಾಮ್ ಬಾಯಿಲ್ದಿ, ದ್ರಾಕ್ಷಿ ಎಲೇಲಿ ಅಕ್ಕಿ ಸುತ್ತಿದ್ದು. ಆದ್ರೆ ಮೂರು ಕಡೆ ಹುಷಾರು. ಮಸೂರ್ ಬೇಳೆ ಸೂಪು ಎಲ್ಲ ಕಡೆ ಸಿಗುತ್ತೆ, ಕೆಲವರು ಮೂಳೆ ಬೇಯಿಸಿದ ನೀರಲ್ಲಿ ಮಾಡ್ತಾರೆ, ಕೇಳಿ ತಗೊಳ್ಳಿ. ಅನ್ನಕ್ಕೆ ಎಷ್ಟೋ ಕಡೆ ಕೋಳಿ ನೀರು ಹಾಕ್ತಾರೆ. ಬೊರೆಕ್, ಪೊಆಚಾ ಥರದ ಬೇಕರಿ ತಿಂಡಿಗೆ ಮೇಲೆ ಮೊಟ್ಟೆ ಹಳದಿ ಸವರಿರ್ತಾರೆ, ಬಾಕ್ಲಾವಾ ಹಿಟ್ಟಿಗೂ ಮೊಟ್ಟೆ ಬೀಳೋದುಂಟು. ಸಿಮಿತ್‌ಗೆ ಹಾಕೋದು ದ್ರಾಕ್ಷಿ ಕಾಕಂಬಿ, ಎಳ್ಳು, ಅಮ್ಮ ಆರಾಮಾಗಿ ತಿನ್ನಬಹುದು. ಹೆಂಗಸರು ಕೂತು ಲಟ್ಟಿಸಿ ಹೆಂಚಲ್ಲಿ ಬೇಯಿಸೋ ಗೊಜ್ಲೆಮೆಗೆ ಪಾಲಕ್, ಆಲೂಗಡ್ಡೆ, ಚೀಸ್ ತುಂಬಿಸ್ತಾರೆ, ಅದು ಮತ್ತೆ ಒಂದು ಲೋಟ ಅಯ್ರಾನ್ ಇದ್ರೆ ಮಧ್ಯಾಹ್ನ ಆಯ್ತು. ಅಯ್ರಾನ್ ಅಂದ್ರೆ ಉಪ್ಪು ಹಾಕಿದ ನಮ್ಮ ಗಟ್ಟಿ ಮಜ್ಜಿಗೇನೇ, ಒಗ್ಗರಣೆ ಒಂದಿಲ್ಲ. "ಎತ್ಸಿಜ್" ಅಂದ್ರೆ ಮಾಂಸ ಬೇಡ, "ಯುಮುರ್ತಾಸಿಜ್" ಅಂದ್ರೆ ಮೊಟ್ಟೆ ಬೇಡ, ಎರಡೂ ಚೀಟಿ ಬರೆದಿಟ್ಕೊಳ್ಳಿ.

ಸೊಪ್ಪು ಇಷ್ಟ ಇದ್ರೆ ಈಜಿಯನ್ ಕರಾವಳಿಗೆ ಹೋಗ್ಲೇಬೇಕು, ಇಜ್ಮಿರ್, ಅಯ್ವಾಲಿಕ್ ಕಡೆ. ವಸಂತದಲ್ಲಿ ಸಂತೆ ತುಂಬ ಕಾಡು ಸೊಪ್ಪು, ಒಂದೊಂದಕ್ಕೂ ಒಂದೊಂದು ಅಡುಗೆ.

ಕಾಫಿತೋಟ:
ಚಿಕ್ಕಮಗಳೂರಿಂದ. ಕಾಫಿ ಬಿಟ್ಬಿಟ್ರಲ್ಲ ಅಕ್ಕಾ! ಇಸ್ತಾಂಬುಲ್‌ನಲ್ಲಿ ಕಾಫಿ ಅಂಗಡಿ ಶುರು ಆಗಿದ್ದು 1550ರ ದಶಕದಲ್ಲಿ. ಅಲ್ಲಿಂದ ಯುರೋಪಿಗೆ ಆ ರುಚಿ ಹಬ್ಬಿತು. ನಮ್ಮ ಗಿರಿಗೆ ಬಾಬಾ ಬುಡನ್ ಬೀಜ ತಂದ್ರು ಅನ್ನೋದು ಯೆಮೆನ್ನಿನ ಮೋಖಾದಿಂದ, ಹಾಗಾಗಿ ಇಬ್ಬರ ಕಾಫಿಗೂ ತವರು ಒಂದೇ. ಅಲ್ಲಿ ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿ, ಉದ್ದ ಹಿಡಿಯ ಸಣ್ಣ ಪಾತ್ರೇಲಿ ನೀರು ಸಕ್ಕರೆ ಸಮೇತ ಇಟ್ಟು ನೊರೆ ಏಳೋವರೆಗೆ ಕಾಯಿಸ್ತಾರೆ, ಸೋಸೋದಿಲ್ಲ. ಜೊತೆಗೆ ಒಂದು ಲೋಟ ನೀರು, ಲೋಕುಮ್ ಅನ್ನೋ ಸಿಹಿಯ ಒಂದು ತುಂಡು. ತಳದ ಗಷ್ಟು ಕುಡೀಬಾರದು, ಬಟ್ಟಲು ಕವುಚಿ ಇಟ್ಟು ಅದರಲ್ಲಿ ಭವಿಷ್ಯ ಓದ್ತಾರೆ. 2013ರಲ್ಲಿ ಯುನೆಸ್ಕೊ ಈ ಸಂಪ್ರದಾಯವನ್ನೇ ಪರಂಪರೆ ಪಟ್ಟಿಗೆ ಸೇರಿಸ್ತು. ಫಿಲ್ಟರ್ ಕಾಫಿ ಕುಡಿಯೋ ನನಗೆ ಮೊದಲ ಗುಟುಕು ಕಷ್ಟ ಆಯ್ತು, ಆದ್ರೆ ಒಂದು ಬಟ್ಟಲು ಇಟ್ಕೊಂಡು ಅವರು ಅರ್ಧ ಗಂಟೆ ಕೂರೋ ರೀತಿ ನಮ್ಮ ತೋಟದ ಮನೆಗಳಲ್ಲೂ ಇತ್ತು, ಈಗ ಕಡಿಮೆ ಆಗಿದೆ ಅನ್ನೋ ನೋವು ನನಗಿದೆ.

ಒಬ್ಬಳೇ ಪಯಣ:
ಹೆಣ್ಮಕ್ಕಳು ಒಬ್ರೇ ಹೋಗ್ಬಹುದಾ ಅಂತ ಮೆಸೇಜಲ್ಲಿ ಕೇಳ್ತಿದ್ದಾರೆ, ಇಲ್ಲೇ ಹೇಳ್ಬಿಡ್ತೀನಿ. ಹೋಗ್ಬಹುದು. ನಾನು ನಡೆದಿದ್ದು ಲಿಸಿಯನ್ ದಾರಿ, ಫೆಥಿಯೆ ಕಡೆಯಿಂದ ಅಂತಾಲ್ಯಾ ಕಡೆಗೆ ಕಡಲಂಚಿನ ಗುಡ್ಡಗಳ ಮೇಲೆ 540 ಕಿಲೋಮೀಟರ್ ಕಾಲುದಾರಿ, ಕೇಟ್ ಕ್ಲೋ ಅನ್ನೋ ಬ್ರಿಟಿಷ್ ಹೆಂಗಸು ಗುರುತು ಹಾಕಿ 1999ರಲ್ಲಿ ತೆರೆದಿದ್ದು. ಪೂರ್ತಿ ನಡೀಬೇಕಿಲ್ಲ, ಬೇಕಾದ ತುಂಡು ಆರಿಸ್ಕೋಬಹುದು. ಕೆಂಪು ಬಿಳಿ ಪಟ್ಟಿ ನೋಡ್ತಾ ಹೋದ್ರೆ ಪೈನ್ ಕಾಡು, ಕೆಳಗೆ ನೀಲಿ ಸಮುದ್ರ, ದಾರಿ ಮಧ್ಯೆ ಬಂಡೇಲಿ ಕೊರೆದ ಎರಡು ಸಾವಿರ ವರ್ಷಕ್ಕೂ ಹಳೇ ಗೋರಿಗಳು, ಅದರ ನೆರಳಲ್ಲಿ ಮೇಕೆ ಮಲಗಿರುತ್ತೆ. ಸಂಜೆ ಹಳ್ಳಿ ಮನೇಲಿ ರೂಮು ಊಟ ಎರಡೂ ಸಿಗುತ್ತೆ, ಬೆಳಿಗ್ಗೆ ಜೇನು, ಕೆನೆ, ಆಲಿವ್, ಚೀಸು, ಟೊಮೇಟೊ, ಬಿಸಿ ಬ್ರೆಡ್ಡು, ಟೇಬಲ್ ಮೇಲೆ ಜಾಗ ಇರಲ್ಲ ಅಷ್ಟು ತಟ್ಟೆ. ಚಿರಾಲಿ ಊರಿನ ಮೇಲೆ ಯಾನಾರ್ತಾಶ್ ಅಂತ ಗುಡ್ಡ, ಕಲ್ಲಿನ ಬಿರುಕಿಂದ ಗ್ಯಾಸ್ ಬಂದು ಬೆಂಕಿ ತಾನಾಗೇ ಉರೀತಾನೇ ಇರುತ್ತೆ, ಹಳೇ ಕಾಲದಿಂದ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹತ್ತಬೇಕು.

ದೊಡ್ಡ ಊರುಗಳಲ್ಲಿ ಅಂಗಡಿಯವರು ಕರೆಯೋದು, ಹಿಂದೆ ಬರೋದು ಇದೆ, ಗಟ್ಟಿಯಾಗಿ ಬೇಡ ಅಂದ್ರೆ ಬಿಡ್ತಾರೆ. ಯಾರಾದ್ರೂ ಅಪರಿಚಿತ ಬಾರ್‌ಗೆ ಹೋಗೋಣ ಬಾ ಅಂದ್ರೆ ಹೋಗ್ಲೇಬೇಡಿ, ಗಂಡಸರಿಗೂ ಇದೇ ಮಾತು. ಮಸೀದಿಗೆ ಹೋಗೋಕೆ ಬ್ಯಾಗಲ್ಲಿ ಒಂದು ದುಪ್ಪಟ್ಟ ಇರ್ಲಿ.

ಬಲೂನು ಬಿಟ್ಟವ:
ಹೆಸರು ನೋಡಿದ್ರೆ ಗೊತ್ತಾಗುತ್ತೆ, ಕಪಡೋಕಿಯಾದ ಬಲೂನ್ ಬಗ್ಗೆನೂ ಯಾರಾದ್ರೂ ಹೇಳ್ಬೇಕಲ್ಲ. ಹಾರೋದು ಬಿಡೋದು ಗಾಳಿ ನೋಡಿ ಬೆಳಗಿನ ಜಾವ ಅಲ್ಲಿನ ವಿಮಾನಯಾನ ಇಲಾಖೆ ತೀರ್ಮಾನ ಮಾಡುತ್ತೆ, ಗಾಳಿ ಜಾಸ್ತಿ ಇದ್ರೆ ಎಲ್ಲ ಕ್ಯಾನ್ಸಲ್, ಆದ್ದರಿಂದ ಒಂದೆರಡು ದಿನ ಜಾಸ್ತಿ ಇಟ್ಕೊಳ್ಳಿ. ಹಾರಲಿಲ್ಲ ಅಂದ್ರೂ ಅಲ್ಲಿಗೆ ಹೋಗಿದ್ದು ದಂಡ ಅಲ್ಲ. ಲಕ್ಷಾಂತರ ವರ್ಷ ಹಿಂದೆ ಎರ್ಜಿಯೆಸ್, ಹಸನ್ ಜ್ವಾಲಾಮುಖಿಗಳ ಬೂದಿ ಗಟ್ಟಿಯಾಗಿ ಮೆತ್ತನೆ ಕಲ್ಲಾಯ್ತು, ಮಳೆ ಗಾಳಿ ಅದನ್ನ ಕಡಿದು ಕಂಬ ಮಾಡ್ತು, ಮನುಷ್ಯ ಅದರೊಳಗೆ ಮನೆ ಕೊರೆದ, ಚರ್ಚ್ ಕೊರೆದ, ಪಾರಿವಾಳಕ್ಕೂ ಗೂಡು ಕೊರೆದ, ಆ ಹಿಕ್ಕೆ ದ್ರಾಕ್ಷಿ ತೋಟಕ್ಕೆ ಗೊಬ್ಬರ. ಗೊರೆಮೆಯ ಗುಹೆ ಚರ್ಚುಗಳಲ್ಲಿ ಸಾವಿರ ವರ್ಷದ ಬಣ್ಣ ಇನ್ನೂ ಇದೆ. ದೆರಿಂಕುಯು ನೆಲದಡಿ ಊರು 1963ರಲ್ಲಿ ಮತ್ತೆ ಬೆಳಕಿಗೆ ಬಂದಿದ್ದು, ಸುಮಾರು 85 ಮೀಟರ್ ಆಳ, ಒಳಗೆ ದನದ ಕೊಟ್ಟಿಗೆ, ದ್ರಾಕ್ಷಾರಸ ಮಾಡೋ ಜಾಗ, ಗಾಳಿ ಬಾವಿ, ಶತ್ರು ಬಂದ್ರೆ ಉರುಳಿಸಿ ಮುಚ್ಚೋ ಗಾಣದ ಕಲ್ಲಿನಂಥ ಬಾಗಿಲು. ಬಗ್ಗಿ ಬಗ್ಗಿ ನಡೀಬೇಕು, ಉಸಿರು ಕಟ್ಟೋ ಭಯ ಇರೋರು ಇಳೀಬೇಡಿ. ಫೋಟೋಗಿಂತ ಆ ಕತ್ತಲೆ ನನ್ನನ್ನ ಜಾಸ್ತಿ ತಟ್ಟಿತು, ಅಷ್ಟು ಜನ ಮಕ್ಕಳು ಮರಿ ಸಮೇತ ಅಲ್ಲಿ ಅವಿತು ಬದುಕಿದ್ರಲ್ಲ.

ಶಾಸನಪ್ರಿಯ:
ಟೀಚರಮ್ಮ ಹೋಗ್ತಾರೆ ಅಂದ್ರೆ ಹತ್ತುಸಾ ಬಿಡಬಾರದು. ಅಂಕಾರಾದಿಂದ ಪೂರ್ವಕ್ಕೆ ಬೊಗಾಜ್‌ಕಲೆ ಅನ್ನೋ ಊರಲ್ಲಿ ಹಿಟ್ಟೈಟರು ಅನ್ನೋ ಪ್ರಾಚೀನ ಜನರ ರಾಜಧಾನಿ. ಅಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಹಿಟ್ಟೈಟ್ ದೊರೆ ಸುಪ್ಪಿಲುಲಿಯುಮನಿಗೂ ಮಿತನ್ನಿ ಅನ್ನೋ ರಾಜ್ಯದ ಶತ್ತಿವಾಜನಿಗೂ ಆದ ಒಪ್ಪಂದ ಇದೆ, ಕ್ರಿಸ್ತಪೂರ್ವ 14ನೇ ಶತಮಾನದ್ದು. ಅದಕ್ಕೆ ಸಾಕ್ಷಿ ದೇವರುಗಳ ಸಾಲಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರು! ನಮ್ಮವರೇ ಅಲ್ಲಿ ಆಳಿದ್ರು ಅಂತ ಹೆಮ್ಮೆಯಿಂದ ಹೇಳ್ಬಹುದು.

ಅಂಕಾರಾ ಅಕ್ಕ:
ಶಾಸನಪ್ರಿಯ ಸರ್, ಹೆಸರುಗಳು ಇರೋದು ನಿಜ, ಆದ್ರೆ ಆಳಿದ್ರು ಅನ್ನೋ ಮಾತು ಜಾಸ್ತಿ ಆಯ್ತು. ಮಿತನ್ನಿ ಜನರ ಮಾತು ಹುರ್ರಿಯನ್, ರಾಜಮನೆತನದ ಹೆಸರು, ಕೆಲವು ದೇವರು, ಕುದುರೆ ಪಳಗಿಸೋ ಪದಗಳಲ್ಲಿ ಇಂಡೋ-ಆರ್ಯನ್ ಗುರುತು ಉಳಿದಿತ್ತು. ಅಷ್ಟು ದೂರದಲ್ಲಿ ವರುಣನ ಹೆಸರು ಓದೋದೇ ದೊಡ್ಡ ಪುಳಕ ಅಲ್ವಾ, ಅದಕ್ಕೆ ಇನ್ನೇನೂ ಸೇರಿಸೋದು ಬೇಡ. ಅಂಕಾರಾದ ಅನತೋಲಿಯಾ ನಾಗರಿಕತೆಗಳ ಮ್ಯೂಸಿಯಂ ಮೊದಲು ನೋಡಿ ಆಮೇಲೆ ಹತ್ತುಸಾಗೆ ಹೋದ್ರೆ ಕಲ್ಲುಗಳು ಮಾತಾಡುತ್ತೆ.

ಶಾಸನಪ್ರಿಯ:
ಒಪ್ಪಿದೆ ಮೇಡಂ, ನೀವು ಹೇಳಿದ್ದೇ ಸರಿ.

ವಚನಪ್ರೇಮಿ:
ಸೂಫಿ ಕವಿ ರೂಮಿ ಸಮಾಧಿ ಇರೋ ಕೊನ್ಯಾದ ಬಗ್ಗೆ ಯಾರಾದ್ರೂ ಹೇಳಿ. ಬಿಳಿ ಬಟ್ಟೆ ಹಾಕಿ ಸುತ್ತೋದನ್ನ ಇಸ್ತಾಂಬುಲ್ ರೆಸ್ಟೋರೆಂಟಲ್ಲಿ ಊಟದ ನಡುವೆ ನೋಡ್ದೆ, ಮನಸ್ಸಿಗೆ ಸರಿ ಹೋಗ್ಲಿಲ್ಲ.

ಅಂಕಾರಾ ಅಕ್ಕ:
ಸರಿ ಹೋಗದೇ ಇರೋದೇ ಸರಿ. ಅದು ಸೆಮಾ, ಪ್ರಾರ್ಥನೆ. ಉದ್ದ ಟೋಪಿ ಅಹಂಕಾರದ ಗೋರಿಕಲ್ಲು, ಬಿಳಿ ಬಟ್ಟೆ ಅದರ ಹೆಣದ ಬಟ್ಟೆ, ಕಪ್ಪು ಮೇಲಂಗಿ ತೆಗೆದು ಸುತ್ತೋಕೆ ಶುರು ಮಾಡ್ತಾರೆ, ಬಲ ಅಂಗೈ ಮೇಲಕ್ಕೆ, ಎಡ ಅಂಗೈ ಕೆಳಕ್ಕೆ. 1925ರಲ್ಲಿ ಗಣರಾಜ್ಯ ಎಲ್ಲ ಸೂಫಿ ಮಠಗಳನ್ನ ಕಾನೂನು ಮಾಡಿ ಮುಚ್ಚಿಸ್ತು, ಮೌಲಾನಾ ರೂಮಿ ಸಮಾಧಿ ಇರೋ ಜಾಗ ಮ್ಯೂಸಿಯಂ ಆಯ್ತು. ಇವತ್ತಿಗೂ ಅದು ಹೆಸರಿಗೆ ಮ್ಯೂಸಿಯಮ್ಮೇ, ಆದ್ರೆ ಬರೋರಲ್ಲಿ ಅರ್ಧ ಜನ ಕೈಯೆತ್ತಿ ನಿಂತಿರ್ತಾರೆ, ಅಳ್ತಿರ್ತಾರೆ. ರೂಮಿ ತೀರ್ಕೊಂಡಿದ್ದು 1273ರ ಡಿಸೆಂಬರ್ 17, ಅದನ್ನ ದುಃಖ ಅನ್ನಲ್ಲ, ಪ್ರಿಯನನ್ನ ಸೇರಿದ ಮದುವೆ ರಾತ್ರಿ ಅಂತಾರೆ, ಶರಣಸತಿ ಲಿಂಗಪತಿ ಅನ್ನೋ ಭಾವ ಗೊತ್ತಿರೋ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಪ್ರತಿ ಡಿಸೆಂಬರ್ ಆ ದಿನಗಳಲ್ಲಿ ಕೊನ್ಯಾದಲ್ಲಿ ದೊಡ್ಡ ಸೆಮಾ ನಡೆಯುತ್ತೆ, ಮಧ್ಯೆ ಚಪ್ಪಾಳೆ ತಟ್ಟಬಾರದು.

ಗುಮ್ಮಟನಗರಿ:
ಒಂದ ಮಾತು ಬಿಟ್ಟ ಹೋಗಬಾರದು. 2023ರ ಫೆಬ್ರವರಿ 6ರ ಭೂಕಂಪ. ಟರ್ಕಿಯೊಳಗನ 53 ಸಾವಿರಕ್ಕೂ ಹೆಚ್ಚು ಮಂದಿ ಸತ್ರು, ಅಂತಾಕ್ಯಾ ಅನ್ನೂ ಹಳೀ ಊರು ಮಣ್ಣುಪಾಲಾತು. ನಮ್ಮ ದೇಶದಿಂದ ಎನ್‌ಡಿಆರ್‌ಎಫ್‌ ಮಂದಿ ಹೋಗಿ ಅವಶೇಷದಾಗಿಂದ ಜೀವ ತಗದ್ರು, ಸೈನ್ಯದಾವ್ರು ಇಸ್ಕೆಂದೆರುನ್‌ದಾಗ ದವಾಖಾನಿ ತೆರದ್ರು, ಆಪರೇಷನ್ ದೋಸ್ತ್ ಅಂತ. ಗಾಜಿಯಾಂತೆಪ್ ಕೋಟೀನೂ ಬಿರುಕು ಬಿಟ್ಟಿತ್ತು. ಆ ಕಡೆ ಊರುಗಳಿಗೆ ಮಂದಿ ಹೋದ್ರ ಅಲ್ಲಿ ಪಿಸ್ತಾ ಮಾರಾವ್ರಿಗೆ, ಬಾಕ್ಲಾವಾ ಮಾಡಾವ್ರಿಗೆ, ತಾಮ್ರ ಬಡಿಯಾವ್ರಿಗೆ ಕೈತುಂಬ ಕೆಲಸ ಸಿಗತೈತಿ. ಬರೇ ಇಸ್ತಾಂಬುಲ್, ಬಲೂನು ಮಾಡಿ ತಿರುಗಿ ಬರಬ್ಯಾಡ್ರಿ.

ಕಾವೇರಿತೀರ:
ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಅಮ್ಮನ ಜೊತೆ ಕೂತು ಪ್ಲಾನ್ ಮಾಡಿದ್ವಿ. ಇಸ್ತಾಂಬುಲ್‌ನಲ್ಲಿ ನಿಧಾನವಾಗಿ ಇದ್ದು, ಅಲ್ಲಿಂದ ಟ್ರೈನಲ್ಲಿ ಅಂಕಾರಾ, ಹತ್ತುಸಾ, ಆಮೇಲೆ ಕೊನ್ಯಾ, ಡಿಸೆಂಬರಲ್ಲಿ. ಕಪಡೋಕಿಯಾ ಈ ಸಲ ಬಿಡ್ತೀವಿ, ಒಂದೇ ಸಲಕ್ಕೆ ಎಲ್ಲ ತುರುಕೋದು ಬೇಡ ಅಂತ ಅಮ್ಮ. ಎರಡು ಪ್ರಶ್ನೆ ಉಳೀತು, ವೀಸಾ ಹೇಗೆ, ಚಳಿ ಎಷ್ಟು?

ಅಂಕಾರಾ ಅಕ್ಕ:
ನಿಮ್ಮಿಬ್ರ ಪಾಸ್‌ಪೋರ್ಟಲ್ಲೂ ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ವೀಸಾ ಚಾಲ್ತಿಯಲ್ಲಿದ್ರೆ ಇ-ವೀಸಾಗೆ ಹಾಕ್ಬಹುದು, ಇಲ್ಲ ಅಂದ್ರೆ ಅರ್ಜಿ ಕೊಟ್ಟು ಸ್ಟಿಕ್ಕರ್ ವೀಸಾನೇ ಮಾಡಿಸ್ಬೇಕು, ಅದಕ್ಕೆ ಸಮಯ ಇಟ್ಕೊಳ್ಳಿ, ಹೊರಡೋ ಮುಂಚೆ ಸರ್ಕಾರಿ ಸೈಟಲ್ಲಿ ಒಂದ್ಸಲ ನಿಯಮ ನೋಡಿ. ಅಂಕಾರಾ, ಕೊನ್ಯಾ ಎರಡೂ ಎತ್ತರದ ಬಯಲು, ಡಿಸೆಂಬರಲ್ಲಿ ಹಿಮ ಬೀಳುತ್ತೆ, ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತೆ. ಅಮ್ಮಂಗೆ ಜಾರದ ಅಟ್ಟೆಯ ಬೂಟು, ಒಳಗಿನ ಉಣ್ಣೆ ಬಟ್ಟೆ ಬೇಕೇ ಬೇಕು. ಅಂಕಾರಾದಿಂದ ಕೊನ್ಯಾಗೆ ಹೈಸ್ಪೀಡ್ ಟ್ರೈನ್ ಎರಡು ಗಂಟೆ ಒಳಗೆ, ಆದ್ರೆ ಡಿಸೆಂಬರ್ 17ರ ವಾರ ಟಿಕೆಟ್ಟೂ ರೂಮೂ ಬೇಗ ಖಾಲಿ ಆಗುತ್ತೆ, ಸೆಮಾ ಟಿಕೆಟ್ ಸಿಕ್ಕಿದ ತಕ್ಷಣ ಉಳಿದಿದ್ದು ಬುಕ್ ಮಾಡಿ. ಅಂಕಾರಾದಲ್ಲಿ ಇಳಿದ ದಿನ ಮಧ್ಯಾಹ್ನ ನಮ್ಮನೇಲೇ ಊಟ, ಅಮ್ಮಂಗೆ ಅನ್ನ ಸಾರು ಮಾಡ್ತೀನಿ, ಕೆಳಗಿನ ಮನೆ ಅಜ್ಜಿನೂ ಕರೀತೀನಿ. ಬರುವಾಗ ಅರ್ಧ ಕೆಜಿ ಸಾರಿನ ಪುಡಿ ತಂದ್ಕೊಡಿ, ಇಲ್ಲಿ ಸಿಗಲ್ಲ.